ಕಾಟಾ ಹೇಳದ ಲೆಕ್ಕ

ಖಾನಾಪುರದ ಕಡೆಯಿಂದ ಹಿರಿಯರನ್ನು ಬೆಳಗಾವಿಯ ಆಸ್ಪತ್ರೆಗೆ ಕರೆತರುವ ಮಗನೋ ಅಳಿಯನೋ ವೈದ್ಯರ ಮುಂದೆ ಕುಳಿತಾಗ ಮೊದಲು ಹೇಳುವುದು ರಕ್ತಪರೀಕ್ಷೆಯ ಸಂಖ್ಯೆಯನ್ನಲ್ಲ. ‘ಭಾಳ ಸೊರಗ್ಯಾರ್ರಿ ಸಾಹೇಬ್ರ, ಮೊದಲಿನ ಅಂಗಿ ಮೈಮ್ಯಾಲೆ ನಿಲ್ಲವಲ್ದು’ ಎನ್ನುತ್ತಾನೆ. ಒಂದಕ್ಕೆ ಹೋಗಲು ತ್ರಾಸ, ರಾತ್ರಿ ನಾಲ್ಕೈದು ಸಲ ಏಳುವುದು, ಬಿಡದ ಸೊಂಟನೋವು ಎಲ್ಲ ಆಮೇಲೆ ಬರುತ್ತವೆ. ಅಷ್ಟರಲ್ಲಿ ನರ್ಸ್ ತೂಕ ನೋಡಿ ಕೇಸ್ ಪೇಪರಿನ ಮೂಲೆಯಲ್ಲಿ ಒಂದು ಸಂಖ್ಯೆ ಬರೆದಿರುತ್ತಾಳೆ. ಪಿಎಸ್‌ಎ ಎಂಬ ರಕ್ತಪರೀಕ್ಷೆಯಲ್ಲಿ ಎಷ್ಟು ಬಂತು, ಸ್ಕ್ಯಾನಿನಲ್ಲಿ ಏನು ಬಂತು ಎಂಬ ಮಾತಿನ ಭರದಲ್ಲಿ ಆ ಸಂಖ್ಯೆಯ ಕಡೆಗೆ ಯಾರ ಗಮನವೂ ಹೋಗುವುದಿಲ್ಲ.

ಹಬ್ಬಿದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಆ ಸಂಖ್ಯೆಗೆ ಏನು ಬೆಲೆ? ವಿಜ್ಞಾನ ಈ ಪ್ರಶ್ನೆಯ ಬೆನ್ನು ಹತ್ತಿ ಎರಡು ದಶಕಗಳಾದವು. ಸಿಕ್ಕ ಮೊದಲ ಉತ್ತರ ಎಲ್ಲರನ್ನೂ ತಬ್ಬಿಬ್ಬು ಮಾಡುವಂಥದ್ದು: ದಪ್ಪಗಿದ್ದವರೇ ಹೆಚ್ಚು ದಿನ ಬದುಕಿದ್ದರು.

ಗ್ರಂಥಿ, ಹಾರ್ಮೋನು ಮತ್ತು ತಡವಾಗಿ ಬರುವ ರೋಗಿ

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕುಳಿತಿರುತ್ತದೆ. ಹರೆಯದಲ್ಲಿ ಅದರ ತೂಕ ಸುಮಾರು 20 ಗ್ರಾಂ. ವಯಸ್ಸಾದಂತೆ ಅದು ಊದಿಕೊಳ್ಳುವುದು ಸಾಮಾನ್ಯ, ಅದೆಲ್ಲ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆದಾಗ ಅದು ಬಹುಪಾಲು ನಿಧಾನಕ್ಕೆ ಬೆಳೆಯುತ್ತದೆ, ಹಬ್ಬಲು ಹೊರಟರೆ ಮೊದಲು ಎಲುಬನ್ನೇ ಹುಡುಕಿಕೊಂಡು ಹೋಗುತ್ತದೆ: ಬೆನ್ನುಮೂಳೆ, ಸೊಂಟ, ಪಕ್ಕೆಲುಬು. ಹೊಲದಲ್ಲಿ ದುಡಿದ ಮೈಗೆ ಸೊಂಟನೋವು ಹೊಸದಲ್ಲ, ಹಾಗಾಗಿ ಎಣ್ಣೆ ಹಚ್ಚಿ ಸುಮ್ಮನಾಗುವವರೇ ಹೆಚ್ಚು.

ಭಾರತದಲ್ಲಿ ಈ ರೋಗ ಬಹಳಷ್ಟು ಜನರಲ್ಲಿ ಹಬ್ಬಿದ ಮೇಲೆಯೇ ಬೆಳಕಿಗೆ ಬರುತ್ತದೆ. ಸರಕಾರದ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳಿಗೆ ಮೀಸಲು. ಪ್ರಾಸ್ಟೇಟ್ ಆ ಪಟ್ಟಿಯಲ್ಲಿಲ್ಲ. ಖಾನಾಪುರ ಪೇಟೆಯಿಂದ ಬೆಳಗಾವಿಗೆ ಬಸ್ಸಿನಲ್ಲೋ ರೈಲಿನಲ್ಲೋ ಒಂದು ತಾಸಿನ ದಾರಿ. ಆದರೆ ತಾಲ್ಲೂಕಿನ ಪಡುವಣ ಅಂಚು, ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ, ಭೀಮಗಡ ಅರಣ್ಯದೊಳಗಿನ ಊರುಗಳ ಲೆಕ್ಕವೇ ಬೇರೆ. ಮಳೆಗಾಲದಲ್ಲಿ ಅಲ್ಲಿಂದ ಹೊರಬೀಳುವುದೇ ಒಂದು ಸಾಹಸ.

ಚಿಕಿತ್ಸೆ ಮಾತ್ರ ಈಗ ಹತ್ತಿರ ಬಂದಿದೆ. ಹುಬ್ಬಳ್ಳಿಯ ನವನಗರ, ಬೆಂಗಳೂರಿನ ಕಿದ್ವಾಯಿ, ಮುಂಬೈಯ ಟಾಟಾ ಎಂದು ಅಲೆಯುತ್ತಿದ್ದ ಈ ಭಾಗದವರಿಗೆ ಬೆಳಗಾವಿಯಲ್ಲೇ ದಾರಿಗಳು ಹೆಚ್ಚಿವೆ. 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಇಲ್ಲಿ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು ಉದ್ಘಾಟಿಸಿದರು.

ಹಬ್ಬಿದ ಪ್ರಾಸ್ಟೇಟ್ ಕ್ಯಾನ್ಸರಿನ ಚಿಕಿತ್ಸೆಗೆ ಬುನಾದಿ ಹಾಕಿದ್ದು 1941ರ ಒಂದು ಪ್ರಯೋಗ. ಶಿಕಾಗೊ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ಈ ಕ್ಯಾನ್ಸರ್ ಗಂಡು ಹಾರ್ಮೋನಿನ ಬಲದಿಂದ ಬೆಳೆಯುತ್ತದೆ, ಅದನ್ನು ತಡೆದರೆ ಗಡ್ಡೆ ಕುಗ್ಗುತ್ತದೆ ಎಂದು ತೋರಿಸಿದರು. ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಬಂತು. ಇಂದಿಗೂ ಮೊದಲ ಹೆಜ್ಜೆ ಅದೇ: ಟೆಸ್ಟೊಸ್ಟೆರಾನ್ ತಗ್ಗಿಸುವುದು. ತಿಂಗಳಿಗೋ ಮೂರು ತಿಂಗಳಿಗೋ ಒಂದು ಇಂಜೆಕ್ಷನ್, ಇಲ್ಲವೇ ಒಮ್ಮೆಗೇ ವೃಷಣ ತೆಗೆಯುವ ಸಣ್ಣ ಶಸ್ತ್ರಕ್ರಿಯೆ. ಪದೇ ಪದೇ ಇಂಜೆಕ್ಷನ್ನಿಗೆ ಹಣ ಹೊಂದಿಸಲಾಗದ ನಮ್ಮ ಹಳ್ಳಿಯ ಕುಟುಂಬಗಳು ಎರಡನೆಯದನ್ನೇ ಆರಿಸಿಕೊಳ್ಳುವುದುಂಟು. ಈ ಚಿಕಿತ್ಸೆಯಿಂದ ರೋಗ ಕೆಲವು ತಿಂಗಳಿಂದ ಹಲವು ವರ್ಷಗಳವರೆಗೆ ಹದ್ದುಬಸ್ತಿನಲ್ಲಿರುತ್ತದೆ. ಮುಂದೊಂದು ದಿನ ಹಾರ್ಮೋನು ಇಲ್ಲದೆಯೂ ಬೆಳೆಯಲು ಕಲಿಯುತ್ತದೆ. ತೂಕದ ಒಗಟು ಹುಟ್ಟುವುದು ಈ ಹಂತದಲ್ಲಿ.

ಮಿಲಾನಿನಿಂದ ಬಂದ ಲೆಕ್ಕ

2007ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞೆ ಸುಸಾನ್ ಹಲಾಬಿ ಮತ್ತು ಸಂಗಡಿಗರು ಹಾರ್ಮೋನ್ ಚಿಕಿತ್ಸೆಗೆ ಬಗ್ಗದ, ಹಬ್ಬಿದ ಪ್ರಾಸ್ಟೇಟ್ ಕ್ಯಾನ್ಸರಿನ 1,226 ಗಂಡಸರ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದರು. ಎತ್ತರಕ್ಕೆ ತಕ್ಕ ತೂಕವಿದ್ದವರಿಗೆ ಹೋಲಿಸಿದರೆ ಹೆಚ್ಚು ತೂಕದವರಿಗೆ ಸಾವಿನ ಅಪಾಯ ಸುಮಾರು ಶೇಕಡಾ 20ರಷ್ಟು ಕಡಿಮೆ ಇತ್ತು. ಹದಿಮೂರು ವರ್ಷಗಳ ನಂತರ, 2020ರಲ್ಲಿ, ಮಿಲಾನಿನ ಸ್ಯಾನ್ ರಫಾಯೆಲೆ ಆಸ್ಪತ್ರೆಯ ಅಲ್ಬರ್ಟೊ ಮಾರ್ಟಿನಿ ತಂಡ ಮೂರು ದೊಡ್ಡ ಔಷಧ ಪ್ರಯೋಗಗಳ 1,577 ರೋಗಿಗಳನ್ನು ಅಭ್ಯಸಿಸಿತು. ಅವರ ಸರಾಸರಿ ವಯಸ್ಸು 69, ಸರಾಸರಿ ಬಿಎಂಐ 28. ಮೂರು ವರ್ಷಗಳ ಕೊನೆಗೆ ಬಿಎಂಐ 30 ದಾಟಿದ್ದ ಸ್ಥೂಲಕಾಯರಲ್ಲಿ ನೂರಕ್ಕೆ ಸುಮಾರು 30 ಮಂದಿ ಬದುಕಿದ್ದರು, ಉಳಿದವರಲ್ಲಿ ನೂರಕ್ಕೆ 20.

ಬಿಎಂಐ ಎಂದರೆ ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದಾಗ ಸಿಗುವ ಸಂಖ್ಯೆ. 1830ರ ದಶಕದಲ್ಲಿ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಈ ಲೆಕ್ಕ ಹೂಡಿದ್ದು ಜನಸಮೂಹವನ್ನು ಅಳೆಯಲು. ಒಬ್ಬ ರೋಗಿಯ ಭವಿಷ್ಯ ಹೇಳಲು ಅಲ್ಲ.

ಇಲ್ಲೊಂದು ವಿರೋಧಾಭಾಸವಿದೆ. ರೋಗ ಬರುವ ಮುಂಚಿನ ಬೊಜ್ಜು ಪ್ರಾಸ್ಟೇಟ್ ಕ್ಯಾನ್ಸರಿನ ವಿಷಯದಲ್ಲಿ ಹಗೆಯೇ. ಬಿಎಂಐ 5 ಅಂಶ ಏರಿದರೆ ಈ ಕ್ಯಾನ್ಸರಿನಿಂದ ಸಾಯುವ ಅಪಾಯ ಸುಮಾರು ಶೇಕಡಾ 15ರಷ್ಟು ಹೆಚ್ಚುತ್ತದೆ ಎಂದು 2011ರಲ್ಲಿ ಹಲವು ಅಧ್ಯಯನಗಳನ್ನು ಜೋಡಿಸಿ ಮಾಡಿದ ವಿಶ್ಲೇಷಣೆ ಹೇಳಿತು. ದಪ್ಪಗಿನವರ ಮೈಯಲ್ಲಿ ರಕ್ತದ ದ್ರವಭಾಗ ಹೆಚ್ಚು, ಹಾಗಾಗಿ ಪಿಎಸ್‌ಎ ತಿಳಿಯಾಗಿ ನಿಜಕ್ಕಿಂತ ಕಡಿಮೆ ಕಾಣುತ್ತದೆ ಎಂಬುದು 2007ರಲ್ಲೇ ಗೊತ್ತಾಗಿದೆ. ಅಂದರೆ ರೋಗ ಪತ್ತೆಯಾಗುವುದೂ ತಡ. ಹೀಗಿರುವಾಗ ರೋಗ ಹಬ್ಬಿದ ಕೂಡಲೇ ಅದೇ ಕೊಬ್ಬು ಕಾಪಾಡಲು ನಿಂತಿತೇ?

ಕೊಬ್ಬು ಕಾಪಾಡಿತೇ, ಸಣಕಲು ಕೊಂದಿತೇ?

ಒಂದು ಅನುಮಾನ ಔಷಧದ ಪ್ರಮಾಣದ ಮೇಲೆ. ಈ ಹಂತದಲ್ಲಿ ಕೊಡುವ ಡೋಸಿಟ್ಯಾಕ್ಸೆಲ್ ಎಂಬ ಕಿಮೋ ಔಷಧವನ್ನು ಮೈಯ ಹೊರಮೇಲ್ಮೈ ಅಂದಾಜಿನ ಮೇಲೆ ಅಳೆಯುತ್ತಾರೆ: ಒಂದು ಚದರ ಮೀಟರಿಗೆ 75 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ. 165 ಸೆಂಟಿಮೀಟರ್ ಎತ್ತರದ ಇಬ್ಬರನ್ನು ಊಹಿಸಿಕೊಳ್ಳಿ; ಒಬ್ಬರು 50 ಕಿಲೋ, ಇನ್ನೊಬ್ಬರು 80 ಕಿಲೋ. ಮೊದಲನೆಯವರ ಮೇಲ್ಮೈ ಸುಮಾರು 1.5 ಚದರ ಮೀಟರ್, ಡೋಸ್ 114 ಮಿಲಿಗ್ರಾಂ. ಎರಡನೆಯವರದು 1.9, ಡೋಸ್ 144 ಮಿಲಿಗ್ರಾಂ. ಗಡ್ಡೆ ಇಬ್ಬರಲ್ಲೂ ಒಂದೇ ಅಳತೆಯದಿದ್ದರೂ ಭಾರದ ಮನುಷ್ಯನಿಗೆ ಕಾಲುಪಾಲಿಗಿಂತ ಹೆಚ್ಚು ಔಷಧ ಬಿದ್ದಂತಾಯಿತು. ಸಣಕಲು ಮೈಯವರು ಕಿಮೋ ತಡೆದುಕೊಳ್ಳಲಾರದೆ ಅರ್ಧಕ್ಕೇ ನಿಲ್ಲಿಸುವುದೂ ಉಂಟು. ಹೀಗೆ ಔಷಧದ ಲೆಕ್ಕವೇ ಫಲಿತಾಂಶವನ್ನು ಒಂದಿಷ್ಟು ಓರೆ ಮಾಡಿರಬಹುದು.

ಅದಕ್ಕಿಂತ ಗಟ್ಟಿಯಾದ ವಿವರಣೆ ಕಾರಣ ಮತ್ತು ಪರಿಣಾಮ ಅದಲುಬದಲಾಗಿವೆ ಎನ್ನುವುದು. ಪ್ರಯೋಗಕ್ಕೆ ಸೇರಿದ ದಿನ ಬಿಎಂಐ 22 ಇದ್ದವರಲ್ಲಿ ಎರಡು ಬಗೆಯ ಜನರಿದ್ದಾರೆ: ಹುಟ್ಟಾ ತೆಳ್ಳಗಿನವರು ಮತ್ತು ಮೊದಲು 27 ಇದ್ದು ರೋಗದಿಂದ ಕರಗಿ 22ಕ್ಕೆ ಇಳಿದವರು. ಎರಡನೆಯವರ ರೋಗ ಆಗಲೇ ಬಲಿತಿದೆ. ಅವರ ಬೇಗನೆಯ ಸಾವು ‘ಸಾಮಾನ್ಯ ತೂಕ’ದ ಖಾತೆಗೆ ಬೀಳುತ್ತದೆ. ಬಿಎಂಐ 31 ಇದ್ದವರಾದರೋ ಇನ್ನೂ ಕರಗಲು ಶುರುವಾಗದವರು. ಆಗ ಹೋಲಿಕೆ ದಪ್ಪ ಮತ್ತು ತೆಳುವಿನ ನಡುವೆ ನಡೆಯುವುದಿಲ್ಲ. ಸೊರಗದವರು ಮತ್ತು ಸೊರಗುತ್ತಿರುವವರ ನಡುವೆ ನಡೆಯುತ್ತದೆ.

ಹಲಾಬಿಯವರದೇ ಮುಂದಿನ ಕೆಲಸ ಈ ಮಾತಿಗೆ ಪುಷ್ಟಿ ಕೊಡುತ್ತದೆ. 2014ರಲ್ಲಿ ಅವರ ತಂಡ ಇಂಥ ರೋಗಿಗಳ ಆಯುಷ್ಯ ಅಂದಾಜಿಸಲು ಎಂಟು ಅಂಶಗಳ ಒಂದು ಸೂತ್ರ ರೂಪಿಸಿತು: ಓಡಾಡುವ ಶಕ್ತಿ, ರೋಗ ಹಬ್ಬಿದ ಜಾಗ, ನೋವಿಗೆ ಮಾರ್ಫಿನ್ ಜಾತಿಯ ಔಷಧ ಬೇಕಾಗುತ್ತಿದೆಯೇ ಎಂಬುದು, ರಕ್ತದಲ್ಲಿ ಎಲ್‌ಡಿಎಚ್, ಆಲ್ಕಲೈನ್ ಫಾಸ್ಫಟೇಸ್, ಪಿಎಸ್‌ಎ, ಹಿಮೋಗ್ಲೋಬಿನ್ ಮತ್ತು ಆಲ್ಬುಮಿನ್. ಎಂಟರಲ್ಲಿ ಬಿಎಂಐ ಇಲ್ಲ. ಆದರೆ ಆಲ್ಬುಮಿನ್ ಮತ್ತು ಹಿಮೋಗ್ಲೋಬಿನ್ ಇವೆ. ಮೈ ಒಳಗಿಂದ ಕರಗುವಾಗ ಕುಸಿಯುವ ಎರಡು ಅಂಶಗಳು ಅವು. ಮಿಲಾನಿನ ಫಲಿತಾಂಶ ಪ್ರಕಟವಾದಾಗಲೂ ಇದನ್ನು ನೋಡಿ ರೋಗಿಗಳು ತೂಕ ಏರಿಸಿಕೊಳ್ಳಲು ಹೊರಡಬಾರದು ಎಂದು ಯುರೋಪಿನ ಮೂತ್ರರೋಗ ತಜ್ಞರು ಎಚ್ಚರಿಸಿದ್ದರು.

ತೂಕ ಒಂದೇ, ರಿಕವರಿ ಬೇರೆ

ಬೆಳಗಾವಿ ಜಿಲ್ಲೆಯ ಕಬ್ಬು ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. ಕಾರ್ಖಾನೆಯ ಕಾಟಾದ ಮೇಲೆ ಎರಡು ಟ್ರ್ಯಾಕ್ಟರ್ ಕಬ್ಬು ಒಂದೇ ತೂಕ ತೂಗಬಹುದು. ಅರೆದಾಗ ಬರುವ ಸಕ್ಕರೆಯ ಪ್ರಮಾಣ, ಅಂದರೆ ರಿಕವರಿ, ಬೇರೆ ಬೇರೆ. ಕೇಂದ್ರ ಸರಕಾರ ಕಬ್ಬಿನ ದರ ಗೊತ್ತುಮಾಡುವಾಗ ರಿಕವರಿಯನ್ನೂ ಲೆಕ್ಕಕ್ಕೆ ಹಿಡಿಯುವುದು ಅದಕ್ಕೇ. ಮನುಷ್ಯನ ಮೈಯಲ್ಲಿ ಆ ರಿಕವರಿ ಸ್ನಾಯು.

ಹಾರ್ಮೋನ್ ಚಿಕಿತ್ಸೆ ಈ ರಿಕವರಿಯನ್ನೇ ಹೊಡೆಯುತ್ತದೆ. ಟೆಸ್ಟೊಸ್ಟೆರಾನ್ ಸ್ನಾಯು ಕಟ್ಟುವ, ಎಲುಬು ಗಟ್ಟಿಯಾಗಿಡುವ ಹಾರ್ಮೋನು. ಅದು ಹೋದರೆ ಸ್ನಾಯು ಸವೆದು ಆ ಜಾಗಕ್ಕೆ ಕೊಬ್ಬು ಬಂದು ಕೂರುತ್ತದೆ. 2002ರಲ್ಲಿ ಬಾಸ್ಟನ್ನಿನ ಮ್ಯಾಥ್ಯೂ ಸ್ಮಿತ್ ತಂಡ ಇಂಜೆಕ್ಷನ್ ಪಡೆಯುತ್ತಿದ್ದವರನ್ನು 48 ವಾರ ಅಳೆದು ನೋಡಿತು. ಒಟ್ಟು ತೂಕ ಶೇಕಡಾ 2.4ರಷ್ಟು ಏರಿತ್ತು. ಅದರೊಳಗೆ ಕೊಬ್ಬು ಶೇಕಡಾ 9.4ರಷ್ಟು ಏರಿತ್ತು, ಸ್ನಾಯು ಮೊದಲಾದ ಕೊಬ್ಬಿಲ್ಲದ ಭಾಗ ಶೇಕಡಾ 2.7ರಷ್ಟು ಇಳಿದಿತ್ತು. ಮನೆಯವರು ‘ಇಂಜೆಕ್ಷನ್ ಮಾಡಿಸಿದ ಮ್ಯಾಲೆ ಮೈ ತುಂಬೈತಿ’ ಎಂದು ಖುಷಿಪಡುವ ಹೊತ್ತಿನಲ್ಲೇ ತೊಡೆ, ತೋಳುಗಳು ಒಳಗೊಳಗೇ ಬರಿದಾಗುತ್ತಿರುತ್ತವೆ.

ಹಾಗೆ ಬಂದ ಕೊಬ್ಬು ಗೆಳೆಯನೂ ಅಲ್ಲ. 73,000ಕ್ಕೂ ಹೆಚ್ಚು ಗಂಡಸರನ್ನು ಒಳಗೊಂಡ 2006ರ ಅಮೆರಿಕನ್ ಅಧ್ಯಯನದಲ್ಲಿ ಈ ಇಂಜೆಕ್ಷನ್ ಪಡೆದವರಿಗೆ ಸಕ್ಕರೆ ಕಾಯಿಲೆ ಹೊಸದಾಗಿ ಬರುವ ಅಪಾಯ ಶೇಕಡಾ 44ರಷ್ಟು, ಹೃದಯದ ರಕ್ತನಾಳದ ರೋಗ ಶೇಕಡಾ 16ರಷ್ಟು ಹೆಚ್ಚಿತ್ತು.

ನಮ್ಮ ಮೈಯ ಇನ್ನೊಂದು ಗುಣವೂ ಇಲ್ಲಿ ಸೇರುತ್ತದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನು ಅಕ್ಕಪಕ್ಕ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಮೈಯಲ್ಲಿ ಶೇಕಡಾ 21.2. ನೋಡಲು ತೆಳ್ಳಗಿದ್ದು ಒಳಗೆ ಕೊಬ್ಬು ತುಂಬಿಕೊಂಡ ಮೈ ಭಾರತೀಯರದು. ಭಾರತದ ವೈದ್ಯರು ಬಿಎಂಐ 23ಕ್ಕೇ ಅಧಿಕ ತೂಕ, 25ಕ್ಕೇ ಬೊಜ್ಜು ಎಂದು ಗೆರೆ ಎಳೆದಿರುವುದು ಇದಕ್ಕಾಗಿ. ಸರಾಸರಿ 28 ಇದ್ದ ಪಾಶ್ಚಾತ್ಯ ರೋಗಿಗಳ ಲೆಕ್ಕವನ್ನು ಖಾನಾಪುರದ ರೈತನ ಮೇಲೆ ಹಾಗೆಯೇ ಹೊರಿಸಲು ಬರುವುದಿಲ್ಲ.

62ರಿಂದ 58ಕ್ಕೆ

ಕೇಸ್ ಪೇಪರಿನ ಮೂಲೆಯ ಸಂಖ್ಯೆಯನ್ನು ಓದುವುದು ಹೇಗೆ ಎಂಬುದಕ್ಕೆ ಕಾಲ್ಪನಿಕ ಉದಾಹರಣೆ ಒಂದನ್ನು ನೋಡೋಣ. ಅಜ್ಜನ ಎತ್ತರ 165 ಸೆಂಟಿಮೀಟರ್. ಯುಗಾದಿಯ ಹೊತ್ತಿಗೆ ತೂಕ 62 ಕಿಲೋ, ಬಿಎಂಐ 22.8. ದಸರಾ ಹೊತ್ತಿಗೆ 58 ಕಿಲೋ, ಬಿಎಂಐ 21.3. ಎರಡೂ ಸಲ ಪಟ್ಟಿ ನೋಡಿದವರು ‘ನಾರ್ಮಲ್’ ಎಂದು ಬರೆಯುತ್ತಾರೆ. ಆದರೆ ಆರು ತಿಂಗಳಲ್ಲಿ ಅಜ್ಜ ಕಳೆದುಕೊಂಡದ್ದು ತೂಕದ ಶೇಕಡಾ 6.5. 2011ರಲ್ಲಿ ತಜ್ಞರ ಅಂತರರಾಷ್ಟ್ರೀಯ ಗುಂಪು ಕೊಟ್ಟ ವ್ಯಾಖ್ಯೆಯ ಪ್ರಕಾರ, ಪ್ರಯತ್ನಪಡದೆ ಆರು ತಿಂಗಳಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ಇಳಿದರೆ ಅದು ಕ್ಯಾಕೆಕ್ಸಿಯಾ. ಬಿಎಂಐ 20ಕ್ಕಿಂತ ಕಡಿಮೆ ಇರುವವರಲ್ಲಿ, ಅಥವಾ ಸ್ನಾಯು ಆಗಲೇ ಸೊರಗಿರುವವರಲ್ಲಿ, ಶೇಕಡಾ 2ಕ್ಕಿಂತ ಹೆಚ್ಚು ಇಳಿದರೂ ಸಾಕು.

ಕ್ಯಾಕೆಕ್ಸಿಯಾ ಬರೀ ಹಸಿವಿನಿಂದ ಬಡಕಲಾಗುವುದಲ್ಲ. ಉಪವಾಸವಿದ್ದಾಗ ದೇಹ ಮೊದಲು ಕೊಬ್ಬನ್ನು ಖರ್ಚು ಮಾಡಿ ಸ್ನಾಯುವನ್ನು ಉಳಿಸಿಕೊಳ್ಳಲು ನೋಡುತ್ತದೆ. ಇಲ್ಲಿ ಆ ಜಾಣತನ ಕೆಡುತ್ತದೆ. ಗಡ್ಡೆ ಮತ್ತು ಅದರೊಡನೆ ಕಾದಾಡುವ ರೋಗನಿರೋಧಕ ಕಣಗಳು ಐಎಲ್-6ರಂಥ ಉರಿಯೂತದ ಸಂದೇಶಗಳನ್ನು ರಕ್ತಕ್ಕೆ ಬಿಡುತ್ತವೆ. ಅವುಗಳ ಆಣತಿಯಂತೆ ಸ್ನಾಯುವಿನ ಪ್ರೋಟೀನು ಒಡೆದುಹೋಗುತ್ತದೆ, ಯಕೃತ್ತು ಆಲ್ಬುಮಿನ್ ತಯಾರಿಸುವುದನ್ನು ತಗ್ಗಿಸುತ್ತದೆ. ಜಿಡಿಎಫ್-15 ಎಂಬ ಮತ್ತೊಂದು ವಸ್ತು ಮಿದುಳಿನ ಹಿಂಭಾಗದ ಒಂದು ಕೇಂದ್ರವನ್ನು ಮುಟ್ಟಿ ಅನ್ನ ಕಂಡರೆ ಓಕರಿಕೆ ಬರಿಸುತ್ತದೆ. ‘ಎಷ್ಟ್ ಹೇಳಿದ್ರೂ ಉಣ್ಣವಲ್ರು’ ಎಂದು ಸೊಸೆ ಸಂಕಟಪಡುವಾಗ ಅಜ್ಜನ ಹಟ ಎಂದುಕೊಂಡದ್ದರ ಹಿಂದೆ ಇಂಥ ರಸಾಯನಶಾಸ್ತ್ರವಿರುತ್ತದೆ. ಬಲವಂತ ಮಾಡಿದರೆ ಮನೆಯಲ್ಲಿ ಜಗಳ ಹೆಚ್ಚುತ್ತದೆ, ಸ್ನಾಯು ಹೆಚ್ಚುವುದಿಲ್ಲ.

ಇದಕ್ಕೆ ಮದ್ದು ಹುಡುಕುವ ಕೆಲಸದಲ್ಲಿ ಭಾರತದ್ದೂ ಪಾಲಿದೆ. ಪುದುಚೇರಿಯ ಜಿಪ್ಮರ್ ಸಂಸ್ಥೆಯ ವೈದ್ಯರು ಹೊಟ್ಟೆ, ಯಕೃತ್ತು, ಮೇದೋಜೀರಕ ಮತ್ತು ಶ್ವಾಸಕೋಶದ ಕ್ಯಾನ್ಸರಿಗೆ ಕಿಮೋ ಪಡೆಯುತ್ತಿದ್ದ 124 ರೋಗಿಗಳ ಮೇಲೆ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓಲಾಂಜಪಿನ್ ಎಂಬ ಹಳೆಯ, ಅಗ್ಗದ ಮಾನಸಿಕ ರೋಗದ ಮಾತ್ರೆಯನ್ನು ದಿನಕ್ಕೆ 2.5 ಮಿಲಿಗ್ರಾಮಿನಂತೆ ಕೊಟ್ಟವರಲ್ಲಿ ಶೇಕಡಾ 60 ಮಂದಿಯ ತೂಕ ಶೇಕಡಾ 5ಕ್ಕಿಂತ ಹೆಚ್ಚು ಏರಿತು; ಹುಸಿಮಾತ್ರೆ ಪಡೆದವರಲ್ಲಿ ಶೇಕಡಾ 9 ಮಂದಿಯದು ಮಾತ್ರ. ಅದರಲ್ಲಿ ಪ್ರಾಸ್ಟೇಟ್ ರೋಗಿಗಳಿರಲಿಲ್ಲ. ಆದರೂ ಸೊರಗುವುದನ್ನು ಹಣೆಬರಹ ಎಂದು ಬಿಡಬೇಕಿಲ್ಲ ಎಂಬುದು ಅದರಿಂದ ತಿಳಿಯಿತು. ಈ ಮಾತ್ರೆ ಯಾರಿಗೆ ಸರಿ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ತಟ್ಟೆ ಮತ್ತು ಕುರ್ಚಿ

ಕ್ಯಾನ್ಸರ್ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಪಥ್ಯ ಶುರುವಾಗುತ್ತದೆ. ಹಾಲು ಬೇಡ, ತತ್ತಿ ಬೇಡ, ಶೇಂಗಾ ಪಿತ್ತ, ಮೊಸರು ಶೀತ. ಕೊನೆಗೆ ಗಂಜಿ ಮತ್ತು ಬಿಸ್ಕೀಟು ಉಳಿಯುತ್ತವೆ. ಸ್ನಾಯು ಕಳೆದುಕೊಳ್ಳುತ್ತಿರುವ ಮೈಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಕ್ಯಾನ್ಸರ್ ರೋಗಿಗೆ ಕಿಲೋ ತೂಕಕ್ಕೆ ದಿನಕ್ಕೆ ಕನಿಷ್ಠ 1 ಗ್ರಾಂ, ಸಾಧ್ಯವಾದರೆ 1.5 ಗ್ರಾಂ ಪ್ರೋಟೀನು ಬೇಕು ಎನ್ನುವುದು ಪೋಷಣಾ ತಜ್ಞರ ಮಾತು. 60 ಕಿಲೋ ತೂಗುವವರಿಗೆ ಅದು 60ರಿಂದ 90 ಗ್ರಾಂ. ಇದಕ್ಕೆ ಡಬ್ಬಿಯ ಪುಡಿಯೇ ಆಗಬೇಕೆಂದಿಲ್ಲ. ಮೂರು ಜೋಳದ ರೊಟ್ಟಿಯಿಂದ 15 ಗ್ರಾಂ, ಎರಡು ಹೊತ್ತಿನ ಬೇಳೆ ಅಥವಾ ಮಡಕಿಕಾಳಿನ ಪಲ್ಯದಿಂದ 14, ಎರಡು ತತ್ತಿಯಿಂದ 12, ಅರ್ಧ ಲೀಟರ್ ಹಾಲು ಮೊಸರಿನಿಂದ 16, ಒಂದು ಹಿಡಿ ಶೇಂಗಾದಿಂದ 8. ಎಲ್ಲ ಕೂಡಿದರೆ 65. ಒಮ್ಮೆಗೇ ತಿನ್ನಲಾಗದವರು ಐದಾರು ಸಲ ಹಂಚಿಕೊಂಡು ತಿನ್ನಬಹುದು. ಗಡ್ಡೆ ಮೂತ್ರದ ದಾರಿಗೆ ಅಡ್ಡಬಂದು ಕಿಡ್ನಿ ದುರ್ಬಲವಾಗಿದ್ದರೆ ಮಾತ್ರ ಪ್ರೋಟೀನಿನ ಲೆಕ್ಕವನ್ನು ವೈದ್ಯರ ಬಳಿ ಕೇಳಿಕೊಂಡೇ ಹಾಕಬೇಕು.

ಉಂಡ ಪ್ರೋಟೀನು ಸ್ನಾಯುವಾಗಲು ಸ್ನಾಯುವಿಗೆ ಕೆಲಸ ಬೇಕು. ‘ನೀವು ಕೂತಲ್ಲೇ ಇರ್ರಿ, ಎಲ್ಲಾ ನಾವ್ ಮಾಡ್ತೇವಿ’ ಎಂಬ ಪ್ರೀತಿ ಇಲ್ಲಿ ತಿರುಗುಬಾಣ. 2010ರಲ್ಲಿ ಆಸ್ಟ್ರೇಲಿಯಾದ ಡೇನಿಯಲ್ ಗಲ್ವಾವೊ ತಂಡ ಹಾರ್ಮೋನ್ ಚಿಕಿತ್ಸೆಯಲ್ಲಿದ್ದ 57 ಗಂಡಸರನ್ನು ಎರಡು ಗುಂಪು ಮಾಡಿ ಒಂದಕ್ಕೆ 12 ವಾರ ಭಾರ ಎತ್ತುವ ಮತ್ತು ನಡೆಯುವ ವ್ಯಾಯಾಮ ಕೊಟ್ಟಿತು. ಆ ಗುಂಪಿನವರಲ್ಲಿ ಹಾರ್ಮೋನು ಇಲ್ಲದೆಯೂ ಸ್ನಾಯು ಹೆಚ್ಚಿತು, ನಡಿಗೆ ಚುರುಕಾಯಿತು. ರೋಗ ಬೆನ್ನೆಲುಬಿಗೆ ಹಬ್ಬಿದವರು ಯಾವ ವ್ಯಾಯಾಮ ಮಾಡಬಹುದು, ಯಾವುದು ಕೂಡದು ಎಂಬುದನ್ನು ವೈದ್ಯರು ಮತ್ತು ಫಿಸಿಯೊಥೆರಪಿಯವರಿಂದ ಮೊದಲೇ ತಿಳಿದುಕೊಳ್ಳುವುದು ಕಡ್ಡಾಯ. ಸವೆದ ಎಲುಬು ಮುರಿದರೆ ಮತ್ತೆ ಕೂಡುವುದು ಕಷ್ಟ.

ಸ್ನಾಯುವಿನ ಲೆಕ್ಕ ಹಿಡಿಯಲು ಸ್ಕ್ಯಾನೂ ಬೇಕಾಗಿಲ್ಲ. ಏಷ್ಯಾದ ವೃದ್ಧರಿಗಾಗಿ 2019ರಲ್ಲಿ ತಜ್ಞರು ಒಪ್ಪಿಕೊಂಡ ಎರಡು ಸರಳ ಪರೀಕ್ಷೆಗಳಿವೆ. ಟೇಲರ್ ಟೇಪಿನಿಂದ ಮೀನಖಂಡದ ಅತಿ ದಪ್ಪ ಭಾಗ ಅಳೆದಾಗ ಗಂಡಸರಲ್ಲಿ 34 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅನುಮಾನಪಡಬೇಕು. ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಸ್ನಾಯುಬಲ ಕುಂದಿದೆ ಎಂದರ್ಥ. ಕಾಲು ಬಾತಿದ್ದರೆ ಟೇಪೂ ತೂಕವೂ ಮೋಸ ಮಾಡುತ್ತವೆ, ಆಗ ಕುರ್ಚಿಯ ಪರೀಕ್ಷೆಯನ್ನೇ ನಂಬಬೇಕು.

ಹಬ್ಬಿದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಆಯುಷ್ಯದ ಸುಳಿವು ಒಂದು ದಿನದ ತೂಕದಲ್ಲಿಲ್ಲ. ಅದು ಯಾವ ಕಡೆ ಹೊರಟಿದೆ, ಒಳಗೆ ಯಾವುದು ಕರಗುತ್ತಿದೆ ಎಂಬುದರಲ್ಲಿದೆ. ಅದನ್ನು ಹಿಡಿಯಲು ಪ್ರತಿ ಸಲ ಬೆಳಗಾವಿಗೇ ಬರಬೇಕಾಗಿಲ್ಲ. ತೂಕದ ಯಂತ್ರ ಊರ ಹತ್ತಿರದ ಆರೋಗ್ಯ ಕೇಂದ್ರದಲ್ಲೂ ಇದೆ. ತಿಂಗಳಿಗೊಮ್ಮೆ, ಅದೇ ಯಂತ್ರದ ಮೇಲೆ, ಚಪ್ಪಲಿ ಕಳಚಿ ನಿಂತು, ಬಂದ ಸಂಖ್ಯೆಯನ್ನು ತಾರೀಖು ಸಮೇತ ಫೈಲಿನ ಹಿಂಬದಿಯಲ್ಲಿ ಬರೆದಿಟ್ಟರೆ ಸಾಕು. 60 ಕಿಲೋ ಇದ್ದವರು ಆರು ತಿಂಗಳೊಳಗೆ 57ಕ್ಕೆ ಇಳಿದರೆ ಮುಂದಿನ ಇಂಜೆಕ್ಷನ್ನಿನ ದಿನದವರೆಗೆ ಕಾಯಬಾರದು. ಆ ವಾರವೇ ಫೈಲು ಹಿಡಿದು ವೈದ್ಯರಲ್ಲಿಗೆ ಹೋಗಿ, ಪಿಎಸ್‌ಎ ಕೇಳುವ ಮುಂಚೆ ಆ ಮೂರು ಕಿಲೋ ಎಲ್ಲಿ ಹೋಯಿತೆಂದು ಕೇಳಬೇಕು.